ಕುಡಿತ ಬಿಟ್ಟಿದ್ದಾರೆ, ಈಗ ಅವರ ಜೊತೆ ಬದುಕೋದು ಹೇಗೆ?

ಸಂಜೆಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಸುಮ್ನೆ ಓದ್ತಾ ಇದ್ದೆ, ಬರೀತಿರೋದು ಇದೇ ಮೊದಲು.

ನಮ್ಮನೆಯವರು ಕುಡಿತ ಬಿಟ್ಟು ಕೆಲವು ತಿಂಗಳಾಯ್ತು. ಆಸ್ಪತ್ರೇಲಿ ಇದ್ದು ಚಿಕಿತ್ಸೆ ತಗೊಂಡು ಬಂದರು. ಮಾತ್ರೆ ತಪ್ಪಿಸಲ್ಲ. ವಾರದಲ್ಲಿ ಮೂರ್ನಾಲ್ಕು ಸಂಜೆ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡೋಕೆ ಒಬ್ಬರಿಗೊಬ್ಬರು ನೆರವಾಗೋ ಬಳಗ) ಸಭೆಗೆ ಹೋಗ್ತಾರೆ. ನೋಡಿದವರೆಲ್ಲ "ಪುಣ್ಯವಂತೆ ನೀನು, ನಿನ್ನ ಕಷ್ಟ ಕಳೀತು" ಅಂತಾರೆ. ನಾನೂ ಹೂಂ ಅಂತೀನಿ.

ಆದರೆ ಒಳಗೆ ನಡೀತಿರೋದೇ ಬೇರೆ. ಗೇಟಿನ ಸದ್ದಾದರೆ ಸಾಕು, ಕೈಲಿರೋ ಕೆಲಸ ನಿಂತುಬಿಡುತ್ತೆ. ಮೆಟ್ಟಿಲ ಮೇಲೆ ಹೆಜ್ಜೆ ಸರಿಯಾಗಿ ಬೀಳ್ತಿದೆಯಾ ಅಂತ ಕಿವಿಗೊಟ್ಟು ಕೇಳ್ತೀನಿ. ಟವೆಲ್ ಕೊಡೋ ನೆಪದಲ್ಲಿ ಹತ್ತಿರ ಹೋಗಿ ಬಾಯಿ ವಾಸನೆ ನೋಡ್ತೀನಿ. ಅವರು ಸ್ನಾನಕ್ಕೆ ಹೋದರೆ ಬ್ಯಾಗು, ಗಾಡಿ ಡಿಕ್ಕಿ, ಬೀರು ಹಿಂದುಗಡೆ ಎಲ್ಲ ತಡಕಾಡ್ತೀನಿ. ಅವರಿಗೂ ಗೊತ್ತು. ಮೊನ್ನೆ ಬಾಗಿಲಲ್ಲೇ ನಿಂತು "ನಾನು ಮನೆಗೆ ಬರ್ತಿಲ್ಲ ಕಣೇ, ದಿನಾ ತಪಾಸಣೆಗೆ ಬರ್ತಿದ್ದೀನಿ" ಅಂದರು. ನಂಗೆ ಉತ್ತರ ಹೊಳೀಲಿಲ್ಲ.

ಇನ್ನೂ ಒಂದಿದೆ, ಯಾರ ಹತ್ರಾನೂ ಹೇಳಿಲ್ಲ. ಕುಡೀತಿದ್ದಾಗ ಬರದಿದ್ದ ಸಿಟ್ಟು ಈಗ ಬರ್ತಿದೆ. ಅವರು ಚೆನ್ನಾಗಿ ನಡ್ಕೊಂಡ ದಿನವೇ ಜಾಸ್ತಿ ಬರುತ್ತೆ. ರಾತ್ರಿ ನಿದ್ದೆ ಇಲ್ದೆ ಓಡಾಡ್ತಾರೆ, ಮಾತಾಡಿಸಿದರೆ ಸಿಡುಕ್ತಾರೆ. ಮೊದಲೆಲ್ಲ ಕುಡಿಯೋಕೆ ಕೂತ ಆರಂಭದಲ್ಲಾದರೂ ಒಂದಿಷ್ಟು ನಗ್ತಿದ್ದರು, ಹಾಡು ಗುನುಗ್ತಿದ್ದರು. ಆ ನಗು ಬೇಕು ಅನಿಸುತ್ತೆ, ಹಾಗನಿಸಿದ್ದಕ್ಕೆ ಭಯಾನೂ ಆಗುತ್ತೆ.

ಅವರನ್ನ ಪ್ರೀತಿಸ್ತೀನಿ, ಅದರಲ್ಲಿ ಅನುಮಾನ ಇಲ್ಲ. ಆದರೆ ಈಗಿರೋ ಈ ಮನುಷ್ಯನ್ನ ಪ್ರೀತಿಸೋದು ಹೇಗೆ ಅಂತ ಗೊತ್ತಾಗ್ತಿಲ್ಲ. ಈ ದಾರೀಲಿ ನಡೆದವರು ಯಾರಾದರೂ ಹೇಳ್ತೀರಾ?

ಹಿರಿಯಕ್ಕ

ತಂಗಿ, ಮೊದಲು ಆ ಸಿಟ್ಟಿನ ವಿಷಯ ಹೇಳಿಬಿಡ್ತೀನಿ, ಯಾಕಂದ್ರೆ ನಿನ್ನನ್ನ ಹೆಚ್ಚು ಸುಡ್ತಿರೋದು ಅದೇ ಅನಿಸ್ತು.

ಅವರು ಕುಡೀತಿದ್ದಾಗ ನಿಂಗೆ ಸಿಟ್ಟು ಮಾಡ್ಕೊಳ್ಳೋಕೆ ಪುರುಸೊತ್ತೆಲ್ಲಿತ್ತು ಹೇಳು. ಆಫೀಸಿಗೆ ಫೋನ್ ಮಾಡಿ ಜ್ವರ ಅಂತ ಸುಳ್ಳು ಹೇಳಬೇಕು, ಮಕ್ಕಳು ಏಳೋಕೆ ಮುಂಚೆ ನೆಲ ಒರೆಸಬೇಕು, ಸಾಲ ಕೊಟ್ಟವರಿಗೆ ಸಮಾಧಾನ ಹೇಳಬೇಕು. ಕಾಲು ಜೋಮು ಹಿಡಿದಿರೋವಾಗ ಏನೂ ಗೊತ್ತಾಗಲ್ಲ, ಜೋಮು ಬಿಡೋವಾಗಲೇ ಸೂಜಿ ಚುಚ್ಚಿದ ಹಾಗಾಗೋದು. ನಿಂಗೀಗ ಆಗ್ತಿರೋದು ಅದೇ. ಮನೆ ಒಂದಿಷ್ಟು ಸುರಕ್ಷಿತ ಆಯ್ತು, ಅದಕ್ಕೇ ಸಿಟ್ಟು ಹೊರಗೆ ಬರೋ ಧೈರ್ಯ ಮಾಡಿದೆ. ಇದರಿಂದ ನೀನು ಕೆಟ್ಟವಳಾಗಲ್ಲ, ನಿನ್ನ ಪ್ರೀತಿ ಸುಳ್ಳೂ ಆಗಲ್ಲ.

ಎಎ ಶುರು ಮಾಡಿದ ಬಿಲ್ ವಿಲ್ಸನ್ ಹೆಂಡತಿ ಲೋಯಿಸ್ ಕಥೆ ಕೇಳಿದೀಯಾ? ಮದುವೆ ಆಗಿದ್ದು 1918ರಲ್ಲಿ. ಗಂಡ ಕುಡಿತ ಬಿಟ್ಟಿದ್ದು 1934ರ ಡಿಸೆಂಬರಿನಲ್ಲಿ. ಅಲ್ಲೀವರೆಗೆ ದುಡಿದು ಮನೆ ನಡೆಸಿದವಳು, ಅವರನ್ನ ಎತ್ತಿ ಮಲಗಿಸಿದವಳು ಅವಳೇ. ಕೊನೆಗೂ ಬಿಟ್ಟರಲ್ಲ ಅನ್ನೋ ಹೊತ್ತಿಗೆ ಅವರು ಬೇರೆ ಕುಡುಕರನ್ನ ಉಳಿಸೋದರಲ್ಲೇ ಮುಳುಗಿಹೋದರು. ಒಂದಿನ "ಸಭೆಗೆ ಹೊತ್ತಾಯ್ತು, ಬೇಗ ಹೊರಡು" ಅಂದಿದ್ದಕ್ಕೆ ಲೋಯಿಸ್ ಶೂ ತೆಗೆದು ಅವರ ಮೇಲೆ ಬೀಸಿ ಒಗೆದುಬಿಟ್ಟಳು. ಕುಡಿದು ಬಂದ ದಿನಗಳಲ್ಲಿ ಅಲ್ಲ, ಕುಡಿತ ಬಿಟ್ಟ ಮೇಲೆ! ಎಷ್ಟೋ ವರ್ಷ ತಾನು ಪ್ರೀತಿಯಿಂದ ಮಾಡಲಾಗದೇ ಇದ್ದದ್ದನ್ನ ಯಾರೋ ಅಪರಿಚಿತರು ಮಾಡಿಬಿಟ್ಟರಲ್ಲ ಅನ್ನೋ ನೋವು ಅದು. ಆಮೇಲೆ ಅವಳಿಗೆ ತನಗೂ ಒಂದು ಜಾಗ ಬೇಕು ಅಂತ ಅರ್ಥ ಆಯ್ತು. ಅದೇ ಮುಂದೆ ಬೆಳೆದು 1951ರಲ್ಲಿ ಅಲ್-ಅನಾನ್ ಆಯ್ತು, ಕುಡಿಯುವವರ ಮನೆಯವರಿಗಾಗಿ.

ನೀನೂ ಆ ಸಭೆಗೆ ಹೋಗು. ನೇರವಾಗಿ ಹೋಗೋಕೆ ಆಗದಿದ್ದರೆ ಆನ್‌ಲೈನ್ ಇರುತ್ತೆ, ಫೋನಲ್ಲೂ ಇರುತ್ತೆ. ಅಲ್ಲಿ ಮೊದಲು ಹೇಳಿಕೊಡೋದೇ ಮೂರು ಮಾತು: ಇದನ್ನ ನಾನು ತಂದಿದ್ದಲ್ಲ, ಇದು ನನ್ನ ಹಿಡಿತದಲ್ಲಿಲ್ಲ, ಇದನ್ನ ವಾಸಿ ಮಾಡೋದೂ ನನ್ನ ಕೈಲಿಲ್ಲ. ಕೇಳೋಕೆ ಸುಲಭ, ಒಳಗೆ ಇಳಿಯೋಕೆ ನಂಗೆ ವರ್ಷಗಳೇ ಬೇಕಾದವು.

ವಾರ್ಡಿನವಳು

ನಾನು ವ್ಯಸನಮುಕ್ತಿ ವಾರ್ಡಿನಲ್ಲಿ ನರ್ಸ್. ನಿದ್ದೆ ಮತ್ತು ಸಿಡುಕಿನ ಬಗ್ಗೆ ಹೇಳ್ತೀನಿ, ಮನೆಯವರಿಗೆ ಇದನ್ನು ಯಾರೂ ಬಿಡಿಸಿ ಹೇಳಿರುವುದಿಲ್ಲ.

ವರ್ಷಗಟ್ಟಲೆ ಕುಡಿದಾಗ ಮೆದುಳು ಮದ್ಯ ತರುವ ಮಂಕಿಗೆ ಎದುರಾಗಿ ತನ್ನನ್ನು ಸದಾ ಎಚ್ಚರದಲ್ಲಿ ಇಟ್ಟುಕೊಳ್ಳಲು ಕಲಿತಿರುತ್ತದೆ. ಮದ್ಯ ಒಂದೇ ದಿನ ನಿಲ್ಲಬಹುದು, ಆ ಎಚ್ಚರ ಒಂದೇ ದಿನ ಇಳಿಯುವುದಿಲ್ಲ. ಮೊದಲ ಕೆಲವು ದಿನದ ನಡುಕ, ಬೆವರು ಕಣ್ಣಿಗೆ ಕಾಣುತ್ತವೆ. ಆಮೇಲೆ ಉಳಿಯುವುದು ಕಾಣುವುದಿಲ್ಲ: ಮುರಿದುಬೀಳುವ ನಿದ್ದೆ, ಚಡಪಡಿಕೆ, ಯಾವುದರಲ್ಲೂ ರುಚಿ ಇಲ್ಲದಿರುವುದು, ಸಣ್ಣ ಮಾತಿಗೂ ಸಿಡಿಯುವುದು. ಇದು ತಿಂಗಳುಗಟ್ಟಲೆ ಇರಬಹುದು. ನಿಮ್ಮವರು ನಗದೇ ಇರುವುದಕ್ಕೆ ನಿಮ್ಮ ಮೇಲಿನ ಬೇಸರವೇ ಕಾರಣ ಎಂದುಕೊಳ್ಳಬೇಡಿ. ಖುಷಿಯನ್ನು ಮದ್ಯದಿಂದಲೇ ಪಡೆದು ಅಭ್ಯಾಸವಾದ ಮೆದುಳಿಗೆ ಸಾಮಾನ್ಯ ಖುಷಿ ಸಾಕಾಗಲು ಸಮಯ ಬೇಕು. ಮಾನಸಿಕ ಕಾಯಿಲೆಗಳನ್ನು ಗುರುತಿಸಲು ವೈದ್ಯರು ಬಳಸುವ ಕೈಪಿಡಿ, 2013ರ ಡಿಎಸ್‌ಎಂ-5 ಪ್ರಕಾರವೂ ಲಕ್ಷಣಗಳಿಲ್ಲದೆ 3 ತಿಂಗಳಿಂದ 12 ತಿಂಗಳವರೆಗಿನ ಅವಧಿ ಚೇತರಿಕೆಯ ಆರಂಭದ ಹಂತವೇ. ಕೆಲವೇ ತಿಂಗಳಾದ ನೀವಿಬ್ಬರೂ ಇನ್ನೂ ಅದರ ಒಳಗೇ ಇದ್ದೀರಿ.

ಆದರೆ ಸಿಡುಕು ಬೇರೆ, ಖಿನ್ನತೆ ಬೇರೆ. ವಾರಗಟ್ಟಲೆ ಮಂಕಾಗಿದ್ದರೆ, ಬದುಕೇ ಬೇಡ ಎಂಬಂಥ ಮಾತು ಬಂದರೆ, "ಬಿಟ್ಟವರಿಗೆ ಹೀಗೇ ಆಗುತ್ತೆ" ಅಂತ ಕಾಯಬೇಡಿ. ಅವತ್ತೇ ವೈದ್ಯರಿಗೆ ಹೇಳಿ.

ಬಿಟ್ಟವನು

ನಾನು ಆಚೆ ಕಡೆಯವನು. ಕುಡಿದು ಬಿಟ್ಟವನು, ಬಿಟ್ಟು ಬಹಳ ವರ್ಷ ಆಯ್ತು. ನಿಮ್ಮ ಯಜಮಾನರ "ತಪಾಸಣೆ" ಮಾತು ಓದಿ ಬರೀಬೇಕು ಅನಿಸ್ತು.

ಅಕ್ಕಾ, ನೀವು ವಾಸನೆ ನೋಡೋದು ತಪ್ಪು ಅಂತ ನಾನು ಹೇಳಲ್ಲ. ಎಷ್ಟೋ ವರ್ಷ ನಿಮ್ಮ ಮೂಗೊಂದೇ ನಿಮಗೆ ನಿಜ ಹೇಳಿರೋದು. ಆದರೆ ನಮ್ಮ ಕಡೆಯಿಂದ ಅದು ಹೇಗಿರುತ್ತೆ ಅಂತ ಹೇಳ್ತೀನಿ. ಮೊದಲ ದಿನಗಳಲ್ಲಿ ಒಂದು ಸಂಜೆ ಕುಡೀದೆ ಮನೆ ಸೇರೋದು ಅಂದರೆ ಇಡೀ ದೇಹ ಒಂದು ಕಡೆ ಎಳೀತಿರುತ್ತೆ, ನಾವು ಇನ್ನೊಂದು ಕಡೆ ನಡೀತಿರ್ತೀವಿ. ಬಾಗಿಲು ತೆಗೆದ ಕೂಡಲೇ ಆ ಕಣ್ಣು ನೋಡಿದಾಗ "ಕುಡಿದರೂ ಇದೇ ನೋಟ, ಕುಡೀದಿದ್ದರೂ ಇದೇ ನೋಟ" ಅಂತ ಒಳಗಿನ ಕುಡುಕ ಪಿಸುಗುಡ್ತಾನೆ. ಅವನಿಗೆ ಅಂಥ ನೆಪ ಒಂದೇ ಸಾಕು. ಅವನು ಕೊಡೋ ನೆಪಕ್ಕೆ ನೀವು ಹೊಣೆ ಅಲ್ಲ, ನೆಪ ಹಿಡ್ಕೊಂಡು ಹೋದವನೇ ಹೊಣೆ.

ಇನ್ನು, ಹುಡುಕಾಟದಿಂದ ನಿಮಗೆ ಸಿಗೋದೇನು? ಬಾಟಲಿ ಸಿಕ್ಕರೆ ಎದೆ ಒಡೆಯುತ್ತೆ. ಸಿಗದಿದ್ದರೆ ಸಮಾಧಾನ ಆಗುತ್ತಾ? ಇಲ್ಲ, ಇನ್ನೂ ಚೆನ್ನಾಗಿ ಬಚ್ಚಿಟ್ಟಿರಬೇಕು ಅನಿಸುತ್ತೆ. ಬಚ್ಚಿಡಲೇಬೇಕು ಅಂತ ಹೊರಟವನನ್ನ ಯಾವ ಹೆಂಡತೀನೂ ಹಿಡಿಯೋಕಾಗಲ್ಲ. ಮತ್ತೆ ಕುಡಿಯೋಕೆ ಶುರು ಮಾಡಿದರೆ ಹೇಗೂ ಗೊತ್ತಾಗೇ ಆಗುತ್ತೆ, ಅದು ಮುಚ್ಚಿಡೋಕೆ ಆಗೋ ಕಾಯಿಲೆ ಅಲ್ಲ.

ಒಂದು ಕೇಳ್ಕೋತೀನಿ. ಆಣೆ ಹಾಕಿಸ್ಕೋಬೇಡಿ. ಮಕ್ಕಳ ತಲೆ ಮೇಲೆ ಕೈ ಇಡಿಸಿ "ಜೀವನಪೂರ್ತಿ ಮುಟ್ಟಲ್ಲ" ಅಂತ ಹೇಳಿಸಬೇಡಿ. ಜೀವನಪೂರ್ತಿ ಅನ್ನೋದು ಮೊದಲ ವರ್ಷದವನಿಗೆ ಹೊರೋಕಾಗದ ಭಾರ. ಇವತ್ತು ಒಂದು ದಿನ ಅಂದರೆ ಹೊರಬಹುದು.

ದೂರ ಬಂದವಳು

ಎಲ್ಲರೂ ಹೆಂಡತಿಗೇ ಪಾಠ ಹೇಳ್ತಿರೋದು ನೋಡಿ ಬೇಸರ ಆಯ್ತು. ಮುಖ ಹಾಗೆ ಇಟ್ಕೋಬೇಡ, ಹುಡುಕಬೇಡ, ಆಣೆ ಹಾಕಿಸ್ಬೇಡ. ವರ್ಷಗಟ್ಟಲೆ ಸುಳ್ಳು ಹೇಳಿದವರು ಅವರು, ಈಗ ಹುಷಾರಾಗಿ ನಡ್ಕೋಬೇಕಾದವಳು ಇವಳಾ?

ನಾನು ಮಾಜಿ ಗಂಡನ್ನ ಬಿಟ್ಟು ಬಂದಿದ್ದು ಅವರು ಕುಡೀತಿದ್ದಾಗಲ್ಲ, ಬಿಟ್ಟ ಮೇಲೆ. ಅವರ ಹೊಡೆತ ಕುಡಿತದಿಂದ ಬರ್ತಿದೆ ಅಂತ ನಂಬಿದ್ದೆ. ಕುಡಿತ ಹೋಯ್ತು, ಕೈ ಎತ್ತೋದು ಹೋಗಲಿಲ್ಲ. ಕುಡಿತ ಬಿಟ್ಟವರೆಲ್ಲ ಒಳ್ಳೆಯವರಾಗಿಬಿಡ್ತಾರೆ ಅಂತ ಯಾರೂ ಕಾಯ್ತಾ ಕೂರಬಾರದು. ಸಂಜೆಮಲ್ಲಿಗೆ, ನಿಮ್ಮ ಮನೇಲಿ ಅಂಥದ್ದು ಇದ್ದರೆ ಇಲ್ಲಿರೋ ಯಾವ ಸಲಹೇನೂ ನಿಮಗಲ್ಲ, ಮೊದಲು ನೀವೂ ಮಕ್ಕಳೂ ಸುರಕ್ಷಿತವಾಗಿರಿ.

ಹಿರಿಯಕ್ಕ

@ದೂರ ಬಂದವಳು, ನಿಮ್ಮ ಮಾತು ನೂರಕ್ಕೆ ನೂರು ಸರಿ. ಹೊಡೆತ ಇರೋ ಮನೇಲಿ ತಾಳ್ಮೆ ಅನ್ನೋ ಪದ ಯಾರೂ ಎತ್ತಬಾರದು. ನೀವು ಬಿಟ್ಟು ಬಂದಿದ್ದರಲ್ಲೂ ಪ್ರೀತಿ ಇಲ್ಲದೇ ಇರಲಿಲ್ಲ ಅಂತ ನಂಗೊತ್ತು.

ಸಂಜೆಮಲ್ಲಿಗೆ, ಹುಡುಕಬೇಡ ಅನ್ನೋದು ಮಾತ್ರ ಅವರಿಗೋಸ್ಕರ ಹೇಳೋ ಮಾತಲ್ಲ. ನಿನ್ನ ಸಂಜೆ ನಿಂಗೆ ವಾಪಸ್ ಸಿಗಲಿ ಅಂತ. ಅವರು ಕುಡೀತಿದ್ದಾಗಲೂ ನಿನ್ನ ದಿನ ಅವರ ಸುತ್ತ ತಿರುಗ್ತಿತ್ತು, ಈಗಲೂ ಅವರ ಸುತ್ತಾನೇ ತಿರುಗ್ತಿದೆ. ಕುಡಿತ ಅವರನ್ನ ಬಿಟ್ಟರೂ ನಿನ್ನನ್ನ ಬಿಟ್ಟಿಲ್ಲ.

ಅವಳ ಗಂಡ

ನಮ್ಮಲ್ಲಿ ಕುಡೀತಿದ್ದವಳು ನನ್ನ ಹೆಂಡತಿ. ಇದನ್ನ ಬರೆಯೋಕೇ ನಂಗೆ ಬಹಳ ದಿನ ಹಿಡೀತು. ಗಂಡಸು ಬಿಟ್ಟರೆ ಜನ ಬೆನ್ನು ತಟ್ತಾರೆ. ಹೆಂಗಸು ಬಿಟ್ಟರೆ "ಕುಡೀತಿದ್ದಳಾ!" ಅಂತಾರೆ. ಹಾಗಾಗಿ ಅವಳು ಚೇತರಿಸಿಕೊಂಡಿದ್ದನ್ನೂ ನಾವು ಗುಟ್ಟಾಗೇ ಇಟ್ಕೊಂಡ್ವಿ.

ಯಾರೂ ಹೇಳದೇ ಇರೋ ಒಂದು ವಿಷಯ ಹೇಳ್ತೀನಿ. ಅವಳು ಕುಡೀತಿದ್ದ ವರ್ಷಗಳಲ್ಲಿ ಮನೆ ಪೂರ್ತಿ ನನ್ನ ಕೈಗೆ ಬಂದಿತ್ತು. ಮಗಳ ಸ್ಕೂಲು, ಬ್ಯಾಂಕು, ಡಾಕ್ಟರು, ಎಲ್ಲ ನಾನೇ. ಅವಳು ಸರಿಹೋಗಿ ಬಂದಾಗ ಮಗಳು ಪ್ರೋಗ್ರೆಸ್ ಕಾರ್ಡ್ ಸಹಿಗೆ ಅವಳನ್ನ ದಾಟಿ ಸೀದಾ ನನ್ನ ಹತ್ರ ಬಂದಳು. ಅವಳು ಪೆನ್ನು ಕೈಲಿ ಹಿಡ್ಕೊಂಡೇ ಕೂತಿದ್ದಳು. ನಾನು ಸಹಿ ಹಾಕಲಿಲ್ಲ, "ಅಮ್ಮನ ಹತ್ರ ಹಾಕಿಸ್ಕೋ" ಅಂದೆ. ಮಗಳು ಒಪ್ಪಲಿಲ್ಲ, ಅತ್ತಳು. ಅವತ್ತು ಆಗಲಿಲ್ಲ. ಬಹಳ ದಿನ ಆದಮೇಲೆ ಆಯ್ತು.

ಜವಾಬ್ದಾರಿ ವಾಪಸ್ ಕೊಡೋದು ಪ್ರೀತಿಯ ಕೆಲಸ, ಒಂದೇ ಸಲಕ್ಕೆ ಎಲ್ಲಾ ಕೊಡೋಕಾಗಲ್ಲ. ಕರೆಂಟ್ ಬಿಲ್ ಕಟ್ಟೋದು ಮೊದಲು ಕೊಟ್ಟೆ. ತಡ ಆದರೂ ನಡೆಯುತ್ತೆ ಅನ್ನೋದನ್ನ ಮೊದಲು ಕೊಡಿ. ಮನೆ ಪತ್ರ, ದೊಡ್ಡ ಹಣ ಇವೆಲ್ಲ ಕಾಯಲಿ, ಅದರಲ್ಲಿ ಅವಮಾನ ಏನಿಲ್ಲ, ಇಬ್ಬರೂ ಕೂತು ಮಾತಾಡಿ ಕಾಯಿಸಿ. ನಿಜ ಹೇಳಬೇಕಂದ್ರೆ ಬಿಟ್ಟುಕೊಡೋದು ನಂಗೆ ಸುಲಭ ಇರಲಿಲ್ಲ. ಎಲ್ಲ ನನ್ನಿಂದಲೇ ನಡೀತಿದೆ ಅನ್ನೋದರಲ್ಲೂ ಒಂಥರಾ ಆಸರೆ ಇರುತ್ತೆ.

ದೇಹದ ಸಾಮೀಪ್ಯದ ವಿಷಯಾನೂ ಯಾರೂ ಎತ್ತಲ್ಲ. ಇಬ್ಬರೂ ಪೂರ್ತಿ ಎಚ್ಚರದಲ್ಲಿ ಒಬ್ಬರ ಹತ್ರ ಒಬ್ಬರು ಬರೋದು ಬಹಳ ವರ್ಷದ ಮೇಲೆ ಮೊದಲ ಸಲ ಆಗಿರುತ್ತೆ. ಸಂಕೋಚ ಆಗುತ್ತೆ, ಆಗಲಿ. ಕೈ ಹಿಡ್ಕೊಂಡು ಕೂರೋದರಿಂದ ಶುರು ಮಾಡಿದರೂ ಅದು ಸಣ್ಣದಲ್ಲ.

ಸಂಜೆಮಲ್ಲಿಗೆ

ಎಲ್ಲರದೂ ಓದಿದೆ, ಕೆಲವನ್ನ ಎರಡೆರಡು ಸಲ. @ದೂರ ಬಂದವಳು, ಇಲ್ಲ, ಅವರು ಯಾವತ್ತೂ ಕೈ ಎತ್ತಿಲ್ಲ. ಕೇಳಿದ್ದಕ್ಕೆ ಥ್ಯಾಂಕ್ಸ್, ಇಷ್ಟು ನೇರವಾಗಿ ನನ್ನನ್ನ ಯಾರೂ ಕೇಳಿರಲಿಲ್ಲ.

ವಾರ್ಡಿನವರಿಗೆ ಒಂದು ಪ್ರಶ್ನೆ. ನಮ್ಮತ್ತೆ "ಅವನು ಮಾತ್ರೆ ನಿಲ್ಲಿಸಿದರೆ ಅಂತ ಹೆದರ್ಕೋಬೇಡ, ಊಟದಲ್ಲಿ ಬೆರೆಸಿ ಕೊಟ್ಟುಬಿಡು, ಕುಡಿದರೆ ವಾಂತಿ ಆಗುತ್ತಲ್ಲ, ತಾನೇ ಬಿಡ್ತಾನೆ" ಅಂತಾರೆ. ಅವರ ಕಾಳಜಿ ಅರ್ಥ ಆಗುತ್ತೆ. ಹಾಗೆ ಮಾಡಬಹುದಾ?

ವಾರ್ಡಿನವಳು

ದಯವಿಟ್ಟು ಬೇಡ. ಯಾರೂ ಮಾಡಬೇಡಿ. ಇದನ್ನು ಕೈಮುಗಿದು ಹೇಳ್ತೀನಿ.

ನಿಮ್ಮತ್ತೆ ಹೇಳ್ತಿರೋದು ಡೈಸಲ್ಫಿರಾಮ್ ಮಾತ್ರೆ. ಮದ್ಯ ನಮ್ಮ ದೇಹದಲ್ಲಿ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗುತ್ತದೆ, ಆಮೇಲೆ ಅದು ಇನ್ನೂ ಒಡೆದು ಹೊರಹೋಗುತ್ತದೆ. ಈ ಮಾತ್ರೆ ಆ ಎರಡನೇ ಹೆಜ್ಜೆಯನ್ನು ತಡೆಯುತ್ತದೆ. ವಿಷ ರಕ್ತದಲ್ಲೇ ನಿಲ್ಲುತ್ತದೆ. ಮುಖ ಕೆಂಪೇರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ವಾಂತಿ, ತಲೆಸುತ್ತು, ಬಿಪಿ ಕುಸಿತ. ಹೃದಯದ ತೊಂದರೆ ಇದ್ದವರಿಗೆ ಪ್ರಾಣಕ್ಕೇ ಬರಬಹುದು. ಮಾತ್ರೆ ನಿಲ್ಲಿಸಿದ ಮೇಲೂ 14 ದಿನಗಳವರೆಗೆ ಈ ಪರಿಣಾಮ ಆಗಬಹುದು. ತಾನು ಏನು ತಿಂದಿದ್ದೇನೆ ಎಂದು ಗೊತ್ತಿಲ್ಲದವನು ಕುಡಿದರೆ ಏನಾಗುತ್ತದೆ ಯೋಚಿಸಿ. ಆಸ್ಪತ್ರೆಗೆ ಬಂದರೂ ಏನಾಗಿದೆ ಎಂದು ಹೇಳಲು ಅವನಿಗೆ ಗೊತ್ತಿರುವುದಿಲ್ಲ. ಅವನಿಗೆ ತಿಳಿದು, ಅವನು ಒಪ್ಪಿ, ಲಿವರ್ ಪರೀಕ್ಷೆ ಮಾಡಿಸಿದ ಮೇಲಷ್ಟೇ ಕೊಡುವ ಔಷಧಿ ಇದು.

ಎಲ್ಲ ಮಾತ್ರೆಯೂ ಹೀಗಲ್ಲ. ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಬೇರೆ ರೀತಿ ಕೆಲಸ ಮಾಡುತ್ತವೆ, ಕುಡಿದರೆ ವಾಂತಿ ಬರಿಸುವ ಜಾತಿಯಲ್ಲ. ನಾಲ್ಟ್ರೆಕ್ಸೋನ್ ತಗೊಳ್ಳುವವರು ಹಲ್ಲು ಕೀಳಿಸುವಾಗ, ಆಪರೇಷನ್ ಇದ್ದಾಗ ವೈದ್ಯರಿಗೆ ಮೊದಲೇ ಹೇಳಬೇಕು, ಕೆಲವು ಬಲವಾದ ನೋವಿನ ಔಷಧಿಗಳನ್ನು ಅದು ತಡೆಯುತ್ತದೆ. ನಿಮ್ಮವರು ಯಾವುದು ತಗೋತಿದ್ದಾರೆ ಎಂದು ಅವರನ್ನೇ ಕೇಳಿ ತಿಳಿದುಕೊಳ್ಳಿ.

ಅಡಗಿಸಿ ಕೊಡುವುದರ ಬದಲು ಎದುರಿಗೇ ಮಾಡುವ ಒಂದು ಕೆಲಸ ಇದೆ. ದಂಪತಿಗಳಿಬ್ಬರನ್ನೂ ಕೂರಿಸಿ ಕೊಡುವ ಚಿಕಿತ್ಸೆಯಲ್ಲಿ ಇದನ್ನು ಕಲಿಸುತ್ತಾರೆ. ದಿನಕ್ಕೊಮ್ಮೆ, ಗೊತ್ತು ಮಾಡಿಕೊಂಡ ಹೊತ್ತಿಗೆ, ಇಬ್ಬರೂ ಎದುರುಬದುರು ಕೂರುವುದು. ಅವರು ಹೇಳುವುದು ಇಷ್ಟೇ: ಕಳೆದ 24 ಗಂಟೆ ನಾನು ಕುಡಿದಿಲ್ಲ, ಮುಂದಿನ 24 ಗಂಟೆಯೂ ಕುಡಿಯದೆ ಇರಲು ನಿರ್ಧರಿಸಿದ್ದೇನೆ. ನೀವು ಹೇಳುವುದೂ ಇಷ್ಟೇ: ಹೇಳಿದ್ದಕ್ಕೆ ಥ್ಯಾಂಕ್ಸ್. ಮಾತ್ರೆ ಇದ್ದರೆ ಆಗಲೇ ನಿಮ್ಮೆದುರಿಗೆ ತಗೋತಾರೆ. ಹಳೆಯ ಕುಡಿತದ ಮಾತು, ನಾಳೆಯ ಅನುಮಾನದ ಮಾತು ಆ ಹೊತ್ತಿನಲ್ಲಿ ಎತ್ತುವಂತಿಲ್ಲ, ಅವು ಆಪ್ತಸಮಾಲೋಚಕರ ಮುಂದೆ. ಉಳಿದ ದಿನವೆಲ್ಲ ಹುಡುಕುವ ಬದಲು ಈ ಒಂದು ನಿಮಿಷ. ಇದು ಅವರು ಒಪ್ಪಿದರೆ ಮಾತ್ರ.

ಹೊಸ ಹುಡುಗಿ

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನಂಗೆ ಇಷ್ಟ ಆಗಿರೋ ಹುಡುಗ ಈಗಷ್ಟೇ ಬಿಟ್ಟಿದ್ದಾನೆ. "ನೀನಿದ್ರೆ ನಾನು ಕುಡಿಯಲ್ಲ" ಅಂತಾನೆ. ಮದುವೆ ಬೇಗ ಆದರೆ ಒಳ್ಳೇದಾ?

ಬಿಟ್ಟವನು

ತಂಗಿ, ಎಎನಲ್ಲಿ ಹಳಬರು ಮೊದಲ ವರ್ಷ ದೊಡ್ಡ ನಿರ್ಧಾರ ಬೇಡ, ಹೊಸ ಸಂಬಂಧ ಬೇಡ ಅಂತ ಹೇಳ್ತಾರೆ. ಬರೆದಿಟ್ಟ ನಿಯಮ ಅಲ್ಲ, ನೋಡಿ ನೋಡಿ ಬಂದ ಮಾತು. "ನೀನಿದ್ರೆ ಕುಡಿಯಲ್ಲ" ಅನ್ನೋನ ಜೊತೆ ನಿಂಗೆ ಜಗಳ ಆಡೋ ಸ್ವಾತಂತ್ರ್ಯಾನೂ ಇರಲ್ಲ. ಜಗಳ ಆದ ದಿನ ಅವನು ಕುಡಿದರೆ ತಪ್ಪು ನಿನ್ನ ತಲೆ ಮೇಲೆ. ನೀನಿಲ್ಲದೇನೂ ಕುಡೀದೆ ಇರೋದು ಅವನು ಕಲೀಲಿ. ನಿಜವಾದ ಪ್ರೀತಿ ಇದ್ದರೆ ಒಂದು ವರ್ಷ ಕಾಯುತ್ತೆ.

ಸಂಜೆಮಲ್ಲಿಗೆ

ಬರೆಯೋದು ತಡ ಆಯ್ತು. ಆ ಒಂದು ನಿಮಿಷದ ವಿಷಯ ಅವರ ಹತ್ರ ಮಾತಾಡಿದೆ. ಮೊದಲು ಮುಖ ಗಂಟು ಹಾಕ್ಕೊಂಡು "ಇದೂ ತಪಾಸಣೇನೇ" ಅಂದರು. ನಾನು "ಇದು ಮಾಡಿದರೆ ಬ್ಯಾಗು ಮುಟ್ಟಲ್ಲ, ಡಿಕ್ಕಿ ತೆಗೆಯಲ್ಲ" ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು ಆಯ್ತು ಅಂದರು.

ಮೊದಲ ರಾತ್ರಿ ಇಬ್ಬರಿಗೂ ಮುಜುಗರ, ಶಾಲೇಲಿ ಒಪ್ಪಿಸಿದ ಹಾಗೆ ಗಡಬಡಿಸಿ ಹೇಳಿದರು. ಈಗ ಮಾತು ಸಲೀಸಾಗಿದೆ. ಬ್ಯಾಗು ಮುಟ್ಟಿಲ್ಲ. ವಾಸನೆ ನೋಡೋದು ಪೂರ್ತಿ ನಿಂತಿಲ್ಲ, ಮೂಗು ತಾನಾಗೇ ನೋಡುತ್ತೆ. ಅಲ್-ಅನಾನ್ ಸಭೆಗೂ ಹೋಗಿ ಬಂದೆ, ಬರೀ ಅಳ್ತಾ ಕೂತಿದ್ದೆ, ಯಾರೂ ಏನೂ ಕೇಳಲಿಲ್ಲ. ಸಿಟ್ಟು ಇನ್ನೂ ಇದೆ. ಅವರಿಗೆ ಅದನ್ನೂ ಹೇಳಿದೆ, "ಬರಲಿ, ಬರಬೇಕಾದ್ದೇ" ಅಂದರು. ಅದು ಕೇಳಿ ಮೊದಲ ಸಲ ಈಗಿರೋ ಈ ಮನುಷ್ಯ ನಂಗೆ ಇಷ್ಟ ಆದರು.

ಒಂದು ಭಯ ಉಳಿದಿದೆ. ಮತ್ತೆ ಕುಡಿದುಬಿಟ್ಟರೆ? ಮುಂದಿನ ತಿಂಗಳು ನೆಂಟರ ಮನೇಲಿ ಸಮಾರಂಭ ಇದೆ, ಅಲ್ಲಿ ಕುಡಿತ ಇದ್ದೇ ಇರುತ್ತೆ. ಹೋಗದಿದ್ದರೆ ಮಾತು ಬರುತ್ತೆ.

ವಾರ್ಡಿನವಳು

ಮರುಕಳಿಸಬಹುದು, ಹಲವರಿಗೆ ಮರುಕಳಿಸುತ್ತದೆ. ಹಾಗಾದರೆ ಎರಡು ವಿಷಯ ನೆನಪಿರಲಿ. ಒಂದು, ಬಿಟ್ಟು ತಿಂಗಳುಗಳಾದ ದೇಹಕ್ಕೆ ಮೊದಲಿನ ತಾಳಿಕೆ ಇರುವುದಿಲ್ಲ, ಹಳೆಯ ಅಳತೆಯಲ್ಲಿ ಕುಡಿದರೆ ಹೆಚ್ಚು ಅಪಾಯ. ಎರಡು, ಮತ್ತೆ ದಿನಾ ಕುಡಿಯಲು ಶುರುವಾಗಿದ್ದರೆ ಮನೆಯಲ್ಲಿ ಕೂಡಿಹಾಕಿ ಒಮ್ಮೆಲೇ ನಿಲ್ಲಿಸಬೇಡಿ. ನಿಲ್ಲಿಸಿದ ಮೊದಲ 48 ಗಂಟೆಯಲ್ಲಿ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದ ಒಳಗೆ ಭ್ರಮೆ, ಗೊಂದಲ ಬರಬಹುದು. ಅದು ಜೀವಕ್ಕೆ ಅಪಾಯ. ಆಸ್ಪತ್ರೆಗೇ ಕರೆದುಕೊಂಡು ಹೋಗಿ. ಏನು ಮಾಡಬೇಕು, ಯಾರಿಗೆ ಫೋನ್ ಮಾಡಬೇಕು ಎಂದು ಈಗಲೇ, ಅವರು ಚೆನ್ನಾಗಿರುವಾಗಲೇ, ಇಬ್ಬರೂ ಸೇರಿ ಬರೆದಿಟ್ಟುಕೊಳ್ಳಿ.

ಬಿಟ್ಟವನು

ಸಮಾರಂಭದ ವಿಷಯ ಅವರನ್ನೇ ಕೇಳಿ ಅಕ್ಕಾ. ಹೋಗೋಕೆ ಮನಸ್ಸಿಲ್ಲ ಅಂದರೆ ಹೋಗಬೇಡಿ, ಬರೋ ಮಾತನ್ನ ನೀವಿಬ್ಬರೂ ಹಂಚ್ಕೊಳ್ಳಿ. ಹೋಗೋದೇ ಅಂದರೆ ನಿಮ್ಮ ಗಾಡೀಲೇ ಹೋಗಿ, ಎದ್ದು ಬರೋಕೆ ಇನ್ನೊಬ್ಬರಿಗೆ ಕಾಯೋ ಹಾಗಿರಬಾರದು. ಹಸಿದ ಹೊಟ್ಟೇಲಿ ಹೋಗಬೇಡಿ, ನಿದ್ದೆಗೆಟ್ಟ ದಿನ ಹೋಗಬೇಡಿ, ಇಬ್ಬರೂ ಜಗಳ ಆಡಿದ ದಿನವಂತೂ ಬೇಡ. ಅವರು ತಮ್ಮ ಸ್ಪಾನ್ಸರ್‌ಗೆ (ಎಎನಲ್ಲಿ ದಾರಿ ತೋರಿಸೋ ಹಳಬರಿಗೆ) ಹೋಗೋ ಮುಂಚೆ ಒಂದು ಫೋನ್, ಬಂದ ಮೇಲೆ ಒಂದು ಫೋನ್ ಮಾಡಲಿ. ಯಾರಾದರೂ ಗ್ಲಾಸ್ ಹಿಡ್ಕೊಂಡು ಬಂದರೆ "ಬೇಡ, ನಾನು ಕುಡಿಯಲ್ಲ" ಅನ್ನೋ ಮಾತು ಅವರ ಬಾಯಿಂದಲೇ ಬರಲಿ, ನೀವು ಮುಂದೆ ಬಿದ್ದು ಹೇಳಬೇಡಿ. "ಹೊರಡೋಣ" ಅಂತ ಅವರು ಅಂದ ಕೂಡಲೇ ಮಾತ್ರ, ಊಟದ ಮಧ್ಯೆ ಇದ್ದರೂ, ಯಾಕೆ ಅಂತ ಕೇಳದೆ ಎದ್ದುಬಿಡಿ.